ವರಸೆ ಸರಿಯಾಗಿಯೇ ಇತ್ತು

ಮದುವೆಯಾದ ಹೆಣ್ಣನ್ನು ನಮ್ಮ ಮನೆ ತುಂಬಿಸಿಕೊಳ್ಳಬೇಕಾದರೆ ಮೊದಲು ಅವಳನ್ನು ಮನೆಯಿಂದ ಹೊರಗೆ ಕಳಿಸಬೇಕಾಯಿತು. ಆ ದಿನ ಬೆಳಿಗ್ಗೆ ಆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟವಳು ಅವಳೇ. ತಾಳಿ ಕಟ್ಟಿಸಿಕೊಂಡು ಬಂದ ಮೇಲೆ ಅದೇ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಪಡಿ ಇಟ್ಟು, ಬಲಗಾಲಲ್ಲಿ ಒದ್ದು ಒಳಗೆ ಬಾ ಎಂದರೆ ನಿಂತು ನಕ್ಕಳು.

"ಅಜ್ಜೀ, ನಾನು ಎಲ್ಲಿಂದ ಎಲ್ಗೆ ಬತ್ತಾ ಇವ್ನಿ? ನನ್ನ ಬಟ್ಟೆ ಎಲ್ಲಾ ಒಳಗೇ ಐತಲ್ಲ."

ಪಕ್ಕದಲ್ಲಿದ್ದ ಮದುಮಗ, "ಒದಿ, ಒದಿ. ಅಕ್ಕಿ ಚೆಲ್ಲುದ್ರೆ ನೀನೇ ಗುಡಿಸ್ಬೇಕು, ನೆಪ್ಪಿರ್ಲಿ ಕಣ್ಲೇ," ಎಂದ.

ಸೇರಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಎಂಥ ಜೋಡಿ ಎಂದುಕೊಂಡೆ. ನಾಚಿಕೆ ಇರಬೇಕಾದ ಜಾಗದಲ್ಲಿ ನಗು ಇತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಅರವತ್ತೆಂಟು ವರ್ಷದ ಕಣ್ಣು, ಕುರಿ ಕುಂಟುವ ಮೊದಲೇ ಯಾವ ಕಾಲು ಎಂದು ಹೇಳುವ ಕಣ್ಣು, ಅದನ್ನು ನೋಡಲಿಲ್ಲ.

ಅವಳು ನನ್ನ ಮಗಳ ಮಗಳು. ಅವನು ನನ್ನ ಮಗನ ಮಗ. ನಮ್ಮಲ್ಲಿ ಅಣ್ಣನ ಮಗನಿಗೆ ತಂಗಿಯ ಮಗಳನ್ನು ತರುವುದು ಸರಿಯಾದ ವರಸೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾದರೆ ಒಡಹುಟ್ಟಿದವರು, ಆಗಬಾರದು. ಅತ್ತೆ ಮಾವನ ಮಕ್ಕಳಾದರೆ ಆಗುತ್ತದೆ. ನಮ್ಮದು ಸೇಲಂ ಕಡೆಯ ಊರು, ಸುತ್ತಮುತ್ತಲ ತಮಿಳರದ್ದೂ ಇದೇ ದಾರಿ, ವರಸೆಗೆ ಅವರು ಮೊರೆ ಎನ್ನುತ್ತಾರೆ. ಆ ಹುಡುಗಿ ಹುಟ್ಟಿದ ದಿನ ನನ್ನ ಮಗ ಸಕ್ಕರೆ ಹಂಚಿ, "ನನ್ ಸೊಸೆ ಬಂದ್ಲು," ಎಂದಿದ್ದ. ಹುಡುಗನಿಗೆ ಆಗ ಎರಡು ವರ್ಷ. ಮಾತು ಅವತ್ತೇ ಮುಗಿದುಹೋಗಿತ್ತು.

ಇಷ್ಟಾದರೆ ಎಲ್ಲರ ಮನೆಯಲ್ಲೂ ಇರುವುದೇ. ನಮ್ಮ ಮನೆಯಲ್ಲಿ ಇನ್ನೊಂದಾಯಿತು. ನನ್ನ ಮಗ, ಸೊಸೆ ಇಬ್ಬರೂ ಕುರಿಗಳ ಜೊತೆ ಹೋಗುವವರು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಾ ನಮ್ಮೂರು ನಂಗವಳ್ಳಿಯಿಂದ ಹೊರಟು ಧರ್ಮಪುರಿ ಕಡೆಗೆ ಹೋದರೆ ತಿಂಗಳಾನುಗಟ್ಟಲೆ ಬರುತ್ತಿರಲಿಲ್ಲ. ಹುಡುಗ ನನ್ನ ಹತ್ತಿರ. ನನ್ನ ಮಗಳು ಮೆಟ್ಟೂರಿನಲ್ಲಿದ್ದಳು. ಗಂಡನಿಗೂ ಅವಳಿಗೂ ಮಿಲ್ಲಿನಲ್ಲಿ ಕೆಲಸ. ಆರು ತಿಂಗಳ ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿ, "ಒಂದು ವರ್ಸ ನೋಡ್ಕೋ ಅವ್ವಾ," ಎಂದು ಬಸ್ಸು ಹತ್ತಿದಳು. ಒಂದು ವರ್ಷ ಇಪ್ಪತ್ತೆರಡಾಯಿತು.

ಹೀಗೆ ಎರಡೂ ನನ್ನ ಸೊಂಟದ ಮೇಲೆ ಬೆಳೆದವು. ಸೀರೆ ಜೋಲಿಯಲ್ಲಿ ಅವಳು ಮಲಗಿದರೆ ಅವನು ತೂಗುತ್ತಿದ್ದ. ಒಂದೇ ತಟ್ಟೆಯ ರಾಗಿ ಕಳಿ, ಒಂದೇ ನೀರಲ್ಲಿ ಸ್ನಾನ, ಒಂದೇ ಸೊಳ್ಳೆಪರದೆ. ಅವನಿಗೆ ದಡಾರ ಬಂದರೆ ಮೂರನೇ ದಿನ ಅವಳಿಗೆ. ಅವಳಿಗೆ ಮಾತು ಬಂದಾಗ ಮೊದಲು ಅವನನ್ನು ಅಣ್ಣ ಎಂದಳು. ನಾನು ಬಾಯ ಮೇಲೆ ಬೆರಳಲ್ಲಿ ತಟ್ಟಿ, "ಅಣ್ಣ ಅನ್ಬ್ಯಾಡ, ಬಾವ ಅನ್ನು," ಎಂದೆ. ಮತ್ತೆ ಅಣ್ಣ ಎಂದಳು, ಮತ್ತೆ ತಟ್ಟಿದೆ. ಮೂರು ನಾಲ್ಕು ತಿಂಗಳು ಹಾಗೆ ನಡೆಯಿತು. ಕೊನೆಗೆ ಅಣ್ಣ ಎನ್ನುವುದು ನಿಂತಿತು. ಬಾವ ಎನ್ನಲೂ ಇಲ್ಲ. "ಲೋ" ಎಂದು ಕರೆದುಕೊಂಡಳು. ನಾನು ಗೆದ್ದೆ ಎಂದುಕೊಂಡೆ.

ಮದುವೆಯ ಮಾತು ಎತ್ತಿದಾಗ ಅವಳು ಸೇಲಂನಲ್ಲಿ ರಕ್ತ ಪರೀಕ್ಷೆ ಮಾಡುವ ಓದು ಮುಗಿಸಿದ್ದಳು. ಅವನು ಸಾಮಾನು ಸಾಗಿಸುವ ಚಿಕ್ಕ ಗಾಡಿ ಓಡಿಸುತ್ತಿದ್ದ. ಇಬ್ಬರೂ ಬೇಡವೆಂದು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಏನಾದರೂ ತಿಳಿಯುತ್ತಿತ್ತೋ ಏನೋ. ಅವಳು ಒಂದು ಸಲ ಒಲೆಯ ಮುಂದೆ ಕೂತು, "ಅಜ್ಜೀ, ಅವುನು ಅಂದ್ರೆ ನಂಗೆ ಉಸ್ರು. ಆದ್ರೆ ಮದ್ವೆ ಅಂದ್ರೆ ಒಂಥರಾ ಆಯ್ತದೆ," ಎಂದಳು.

"ಒಂಥರಾ ಅಂದ್ರೆ?"

"ಗೊತ್ತಿಲ್ಲ. ಒಂಥರಾ."

"ಎಲ್ಲಾ ಹೆಣ್ಗೂ ಒಂಥರಾನೇ ಆಗೋದು. ಆಮ್ಯಾಕೆ ಸರೋಯ್ತದೆ," ಎಂದು ಹೇಳಿ ಬೇಳೆಗೆ ಉಪ್ಪು ಹಾಕಿದೆ. ಅವನು ಅದಕ್ಕಿಂತ ನೇರವಾಗಿ ಕೇಳಿದ. "ಊರಾಗೆ ಬ್ಯಾರೆ ಹೆಣ್ಣೇ ಸಿಗ್ಲಿಲ್ವಾ ನಿಂಗೆ?" ಎಂದ. "ಇವ್ಳಿಗಿಂತ ಒಳ್ಳೇಳು ಯಾರ್ಲಾ ಸಿಗ್ತಾಳೆ?" ಎಂದೆ. ಇವಳಿಗಿಂತ ಒಳ್ಳೆಯವಳು ಇದ್ದಾಳೆಂದು ಅವನೂ ನಂಬಿರಲಿಲ್ಲ.

ಮದುವೆಯಾಗಿ ಐದಾರು ತಿಂಗಳು ಕಳೆಯಿತು. ಬಾವಿಕಟ್ಟೆಯಲ್ಲಿ ಹೆಂಗಸರು, "ಏನಾರಾ ವಿಸೇಸ ಐತಾ?" ಎಂದು ಕೇಳತೊಡಗಿದರು. ಆಗ ನಾನು ನೋಡಲು ಶುರು ಮಾಡಿದೆ. ಜಗಳ ಇಲ್ಲ. ಅವನು ಕುಡಿಯುವವನಲ್ಲ. ಅವಳು ಎದುರಾಡುವವಳಲ್ಲ. ಅವನ ಕಾಲಿಗೆ ಮುಳ್ಳು ಚುಚ್ಚಿದರೆ ಅವಳೇ ಪಿನ್ನಲ್ಲಿ ತೆಗೆಯುತ್ತಾಳೆ, ತೆಗೆಯುತ್ತಾ ಬೈಯುತ್ತಾಳೆ. ಫೋನ್ ಚಾರ್ಜರಿಗೆ ಕಿತ್ತಾಡುತ್ತಾರೆ. ಅವಳ ತಟ್ಟೆಯ ಮೊಟ್ಟೆಯನ್ನು ಅವನು ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ಹೊಸದಾಗಿ ಮದುವೆಯಾದವರು ಒಬ್ಬರನ್ನೊಬ್ಬರು ಕದ್ದು ನೋಡುತ್ತಾರೆ. ಮುದುಕರ ಮುಂದೆ ಒಬ್ಬರ ಹೆಸರು ಇನ್ನೊಬ್ಬರು ಎತ್ತುವುದಿಲ್ಲ, ಆದರೆ ಕಣ್ಣು ಹೋಗುತ್ತದೆ. ಇವರಿಬ್ಬರೂ ಕದ್ದು ನೋಡಲೇ ಇಲ್ಲ. ನೇರವಾಗಿ ನೋಡಿದರು, ಗೋಡೆ ನೋಡುವ ಹಾಗೆ, ಮನೆ ನೋಡುವ ಹಾಗೆ.

ನಾನು ಸುತ್ತಿ ಬಳಸಿ ಕೇಳುವವಳಲ್ಲ. ಒಂದು ಮಧ್ಯಾಹ್ನ ಕಡಲೆಕಾಯಿ ಬಿಡಿಸುತ್ತಿದ್ದೆವು, ಕೇಳಿಬಿಟ್ಟೆ. "ಏನ್ಲೇ, ಗಂಡ ಎಂಡ್ತಿ ತರಾ ಇದೀರೋ ಇಲ್ವೋ?"

ಅವಳು ತಲೆ ಎತ್ತದೆ ಕಾಯಿ ಬಿಡಿಸುತ್ತಲೇ ಇದ್ದಳು. ಆಮೇಲೆ, "ಇಲ್ಲ ಅಜ್ಜೀ," ಎಂದಳು. "ಅವುನು ಅತ್ರ ಬಂದ್ರೆ ನಂಗೆ ಒಟ್ಟೆ ತೊಳ್ಸ್ದಂಗೆ ಆಯ್ತದೆ. ಅವುನ್ಗೂ ಅಂಗೇನೇ. ಮೊದಲ್ನೇ ದಿನ ಇಬ್ರೂ ಅತ್ಬುಟ್ವಿ. ಆಮೇಲೆ ಫೋನಾಗೆ ಲೂಡೋ ಆಡುದ್ವಿ."

"ಆಮೇಲೆ?"

"ಆಮೇಲೂ ಲೂಡೋನೇ."

ನನಗೆ ನಗು ಬಂತು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ಗೊತ್ತಿರುವುದನ್ನೇ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಹೊಸ ಹೆಣ್ಣನ್ನು ತವರಿಗೆ ಕಳಿಸುವುದು ರೂಢಿ. ದೂರ ಇದ್ದರೆ ಆಸೆ ಹುಟ್ಟುತ್ತದೆ ಎಂದು ಮೆಟ್ಟೂರಿಗೆ ಅವಳ ತಾಯಿಯ ಹತ್ತಿರ ಕಳಿಸಿದೆ. ಅವಳಿಗೆ ಅದು ತವರಲ್ಲ, ನೆಂಟರ ಮನೆ. ನನ್ನ ಮನೆಯೇ ತವರು, ಅದೇ ಗಂಡನ ಮನೆ. ತಿಂಗಳು ಮುಗಿಸಿ ಬಂದವಳನ್ನು ಬಸ್‌ ಸ್ಟ್ಯಾಂಡಿನಿಂದ ಅವನೇ ಕರೆತಂದ. ಇಳಿಯುತ್ತಲೇ ಅವನ ತಲೆಗೆ ಒಂದು ಬಾರಿಸಿ, "ಯಾಕ್ಲೋ ಇಂಗೆ ಒಣಗೋಗಿದೀಯಾ, ಉಂಡಿಲ್ವಾ?" ಎಂದಳು. ಆಸೆ ಅಂತೂ ಹುಟ್ಟಿರಲಿಲ್ಲ, ಕಾಳಜಿ ಹೆಚ್ಚಾಗಿತ್ತು. ಮದ್ದು ಕೊಡುವವನ ಹತ್ತಿರ ಹೋಗಿ ಜೇನಲ್ಲಿ ಕಲಸುವ ಪುಡಿ ತಂದೆ. ಅದನ್ನು ಕುಡಿದು ಅವನಿಗೆ ಬೇಧಿಯಾಯಿತು, ರಾಗಿ ಗಂಜಿ ಕಾಯಿಸಿ ಕೊಟ್ಟವಳು ಅವಳೇ. ದೇವರಿಗೆ ಹರಕೆಯನ್ನೂ ಹೊತ್ತೆ. ದೇವರು ಏನು ಮಾಡುತ್ತದೆ.

ಸೇಲಂನ ಡಾಕ್ಟರಮ್ಮನನ್ನು ಹುಡುಕಿದ್ದು ಅವರಿಬ್ಬರೇ. ಮೈಗಲ್ಲ, ಮನಸ್ಸಿಗೆ ನೋಡುವವರು. ಎರಡು ಸಲ ಇಬ್ಬರೂ ಹೋಗಿ ಬಂದರು. ಮೂರನೆಯ ಸಲ, ಮನೆಯ ಹಿರಿಯರು ಯಾರಾದರೂ ಕೇಳಿಸಿಕೊಳ್ಳಬೇಕು ಎಂದರಂತೆ. ನನ್ನನ್ನು ಕರೆದುಕೊಂಡು ಹೋದರು. ನನ್ನ ಮಗಳ ವಯಸ್ಸಿನ ಹೆಂಗಸು, ತಮಿಳಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಮಿಳಿನಲ್ಲೇ, ಆದ್ದರಿಂದ ತಿಳಿಯಿತು.

ಪ್ರೀತಿ ಎಂದು ನಾವು ಹೇಳುವುದು ಒಂದೇ ವಸ್ತುವಲ್ಲವಂತೆ. ಎದೆ ಡವಡವ ಎನ್ನುವುದು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಒಂದು. ಅದಕ್ಕೆ ತಲೆಯೊಳಗೆ ಒಂದು ರಸ. ಹತ್ತಿರ ಕೂತರೆ ಜೀವ ತಣ್ಣಗಾಗುವುದು, ಅವರಿಗೆ ನೋವಾದರೆ ನಮಗೂ ನೋಯುವುದು ಇನ್ನೊಂದು. ಅದಕ್ಕೆ ಬೇರೆ ರಸ. ಸಾಮಾನ್ಯವಾಗಿ ಮೊದಲನೆಯದು ಬಂದು ಎರಡನೆಯದನ್ನು ಕರೆತರುತ್ತದೆ. ಈ ಮಕ್ಕಳಲ್ಲಿ ಎರಡನೆಯದು ಜೋಲಿಯಲ್ಲಿದ್ದಾಗಿನಿಂದ ತುಂಬಿಕೊಂಡಿದೆ. ಆದರೆ ಐದಾರು ವರ್ಷ ತುಂಬುವ ಮೊದಲು ಒಂದೇ ಸೂರಿನಡಿ ಒಟ್ಟಿಗೆ ಬೆಳೆದವರಲ್ಲಿ ಮೊದಲನೆಯದಕ್ಕೆ ದೇಹವೇ ಬಾಗಿಲು ಹಾಕಿಕೊಳ್ಳುವುದುಂಟಂತೆ. ಒಡಹುಟ್ಟಿದವರು ಒಬ್ಬರನ್ನೊಬ್ಬರು ಬಯಸದಿರಲಿ ಎಂದು ಇರುವ ಏರ್ಪಾಡು ಅದು. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ, ಇವರಿಗೆ ಆಗಿದೆ, ಇಬ್ಬರ ಮೈಯಲ್ಲೂ ಯಾವ ತೊಂದರೆಯೂ ಇಲ್ಲ ಎಂದರು.

"ಆದ್ರೆ ಇವ್ರು ಅಣ್ಣ ತಂಗಿ ಅಲ್ಲಮ್ಮಾ. ವರಸೆ ಸರಿಯಾಗೈತೆ," ಎಂದೆ.

"ಒಡಂಬುಕ್ಕು ಮೊರೆ ತೆರಿಯಾದು ಪಾಟ್ಟಿ," ಎಂದರು. ದೇಹಕ್ಕೆ ವರಸೆ ತಿಳಿಯುವುದಿಲ್ಲ ಅಜ್ಜಿ, ಯಾರ ಜೊತೆ ಬೆಳೆದೆ ಎನ್ನುವುದಷ್ಟೇ ತಿಳಿಯುತ್ತದೆ.

ಕುರಿಯ ವಿಷಯ ನನಗೆ ಗೊತ್ತು. ಈದ ಕುರಿ ಮರಿಯನ್ನು ನೆಕ್ಕಿ ಮೂಸಿ ಒಂದೆರಡು ಗಳಿಗೆಯಲ್ಲಿ ನನ್ನದು ಎಂದುಕೊಳ್ಳುತ್ತದೆ. ಆಮೇಲೆ ಬೇರೆ ಮರಿ ಬಂದರೆ ಗುದ್ದಿ ಬಿಸಾಕುತ್ತದೆ. ತಾಯಿ ಸತ್ತ ಮರಿಯನ್ನು, ಮರಿ ಸತ್ತ ಕುರಿಗೆ ಕೂಡಿಸಬೇಕಾದರೆ ಒಂದೇ ದಾರಿ. ಸತ್ತ ಮರಿಯ ಚರ್ಮ ಸುಲಿದು ಬದುಕಿರುವ ಮರಿಗೆ ಹೊದಿಸುವುದು. ಕುರಿ ಮೂಸುತ್ತದೆ, ತನ್ನದೇ ವಾಸನೆ, ಹಾಲು ಬಿಡುತ್ತದೆ. ಮೂರು ನಾಲ್ಕು ದಿನಕ್ಕೆ ಚರ್ಮ ತೆಗೆದರೂ ಬಿಡುವುದಿಲ್ಲ. ಇದನ್ನು ಅಲ್ಲಿ ಹೇಳಿದೆ. ಡಾಕ್ಟರಮ್ಮ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಕುರಿಗೂ ಅದೇ ಎರಡನೆಯ ರಸವಂತೆ, ಈಯುವಾಗ ಹರಿಯುತ್ತದಂತೆ.

"ಇವ್ರಿಗೆ ಹೊದ್ಸೋಕೆ ಅಂಥ ಚರ್ಮ ಏನಾರಾ ಐತಾ?" ಎಂದು ಕೇಳಿದೆ.

ಅವರು ನಗಲಿಲ್ಲ. "ಇಲ್ಲೆ ಪಾಟ್ಟಿ," ಎಂದರು.

ಬರುವಾಗ ಬಸ್ಸಿನಲ್ಲಿ ಮೂವರು ಕೂರುವ ಸೀಟು. ಕಿಟಕಿಯ ಕಡೆ ನಾನು. ಅವಳು ಅವನ ಹೆಗಲಿಗೆ ತಲೆ ಇಟ್ಟು ಬಾಯಿ ತೆರೆದು ನಿದ್ದೆ ಹೋದಳು. ಅವನು ತನ್ನ ಕರ್ಚೀಫಿನಿಂದ ಅವಳ ಜೊಲ್ಲು ಒರೆಸಿದ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಪುದುಸಾ ಕಲ್ಯಾಣಮಾ?" ಎಂದು ಕೇಳಿದಳು. ಹೊಸದಾಗಿ ಮದುವೆಯಾದವರಾ ಎಂದು. ಹೌದು ಎಂದೆ. ಮತ್ತೇನು ಹೇಳಲಿ.

ನನ್ನದೂ ವರಸೆಯ ಮದುವೆಯೇ. ಸೋದರಮಾವನ ಮಗನನ್ನೇ ಕಟ್ಟಿಕೊಂಡೆ. ಆದರೆ ಅವರ ಊರು ಧರ್ಮಪುರಿಯಿಂದ ಆಚೆ. ವರ್ಷಕ್ಕೆ ಒಂದು ಸಲ ಬರುತ್ತಿದ್ದರು, ಬಂದಾಗ ನಾನು ರಾಗಿ ಚೀಲದ ಹಿಂದೆ ನಿಂತು ನೋಡುತ್ತಿದ್ದೆ. ಆ ಮನುಷ್ಯನ ಕಂಬಳಿಯ ವಾಸನೆ ನಮ್ಮ ಮನೆಯ ಕಂಬಳಿಯ ವಾಸನೆಯ ಹಾಗೆ ಇರಲಿಲ್ಲ. ಅವರು ಹೋದ ಮೇಲೂ ಎರಡು ದಿನ ಮೂಗಲ್ಲಿ ಇರುತ್ತಿತ್ತು. ಇದನ್ನು ಪ್ರೀತಿ ಎನ್ನುತ್ತಾರೋ ಏನೋ, ನಾನು ಯಾರಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ಹೇಳಿದ ಡವಡವ ಅದೇ ಇರಬೇಕು. ವರಸೆ ಕೂಡಿಸಿತು ಎಂದು ಐವತ್ತು ವರ್ಷ ನಂಬಿದ್ದೆ. ನಮ್ಮಿಬ್ಬರ ನಡುವೆ ಇದ್ದ ಹತ್ತು ಗಾವುದ ದೂರವೂ ಕೂಡಿಸಿತ್ತು ಎಂದು ಆ ಬಸ್ಸಿನಲ್ಲಿ ತಿಳಿಯಿತು. ಎರಡು ವರ್ಷಕ್ಕೊಮ್ಮೆ ಮಂದೆಯ ಟಗರನ್ನು ಬದಲಿಸುವವಳು ನಾನು. ತನ್ನ ಮರಿಯನ್ನೇ ತಾನು ಏರಬಾರದು ಎಂದು. ಟಗರಿಗೆ ಆ ಬುದ್ಧಿ ಇಲ್ಲ, ಮನುಷ್ಯರ ಮೈಗೆ ಅದು ಇದೆ ಎಂದು ಯೋಚಿಸಿರಲಿಲ್ಲ.

ಮನೆಗೆ ಬಂದ ಮೇಲೆ ಇಬ್ಬರೂ ನನ್ನ ಮುಂದೆ ಕೂತರು. ಬಿಡಿಸಿಬಿಡು ಎಂದರು. ಕೋರ್ಟಿಗೆ ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಸಾಕು, ತಪ್ಪು ಯಾರದೆಂದು ಕೇಳುವುದಿಲ್ಲ, ದಿನ ಹಿಡಿಯುತ್ತದೆ ಅಷ್ಟೇ. ನಮ್ಮ ಜನದಲ್ಲಿ ಹಾಗಲ್ಲ. ಹಿರಿಯರು ಕೂತು ಬಿಡಿಸದಿದ್ದರೆ ಮುಂದೆ ಯಾರೂ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಹಿರಿಯರು ಬಿಡಿಸಬೇಕಾದರೆ ಕುಂದು ಬೇಕು. ಗಂಡನ ಕುಂದೋ ಹೆಂಡತಿಯ ಕುಂದೋ, ಒಂದು ಕಡೆ ಇಡಲೇಬೇಕು. ಕುಂದಿಲ್ಲದೆ ತಾಳಿ ಬಿಚ್ಚುವುದಿಲ್ಲ. ಕುಂದು ಯಾರ ಮೇಲೆ ಬಿತ್ತೋ ಅವರ ಬಾಳು ಅಲ್ಲಿಗೆ ಮುಗಿಯಿತು. ನನಗೆ ಬೇಕಿದ್ದುದು ಒಂದೇ. ಇಬ್ಬರ ಮೇಲೂ ಏನೂ ಬೀಳದೆ ಇಬ್ಬರೂ ಬಿಡಿಸಿಕೊಳ್ಳಬೇಕು.

"ನಾನು ಯೋಳ್ತೀನಿ," ಎಂದೆ. "ನಾನು ಸಾಕ್ದೋಳು. ನನ್ ಮೇಲೆ ಆಕ್ಕೊಂತೀನಿ."

ಒಂದು ಭಾನುವಾರ ಬೆಳಿಗ್ಗೆ ಹೊಂಗೆ ಮರದಡಿ ಕೂತರು. ಯಜಮಾನರು ಒಬ್ಬರು, ಅವರ ಜೊತೆ ನಾಲ್ವರು ಹಿರಿಯರು. ನನ್ನ ಮಗ ಒಂದು ಕಡೆ, ಮೆಟ್ಟೂರಿನಿಂದ ಬಂದ ನನ್ನ ಮಗಳು ಇನ್ನೊಂದು ಕಡೆ. ಅಣ್ಣ ತಂಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಕ್ಕಳಿಬ್ಬರೂ ಮಾತ್ರ ಅಕ್ಕಪಕ್ಕ ನಿಂತಿದ್ದರು.

"ಕುಂದು ಯಾರ್ದು?" ಎಂದರು ಯಜಮಾನರು.

ನಾನು ಎದ್ದೆ. "ಕುಂದು ನಂದು ಸ್ವಾಮೀ. ಇಬ್ರನ್ನೂ ಒಂದೇ ಜೋಲ್ಯಾಗೆ ಸಾಕ್ದೆ. ಇವ್ರ ಮೈಯಿ ಅಣ್ಣ ತಂಗಿ ಅಂತ ಬರ್ಕಂಡೈತೆ. ಅದು ಗೊತ್ತಾಗ್ದೆ ಕಟ್ಬುಟ್ಟೆ."

ಯಜಮಾನರು ನಕ್ಕರು. ಕೆಟ್ಟ ನಗುವಲ್ಲ. "ಏ ಅಮ್ಮಯ್ಯಾ, ತಾಯಿ ತಂದೆ ಬಿಟ್ಟೋದ್ರು, ನೀನು ಎರ್ಡನ್ನೂ ಮನುಸ್ರನ್ನ ಮಾಡ್ದೆ. ಅದು ಕುಂದಾ? ಅದುಕ್ಕೆ ಮಾಲೆ ಆಕ್ಬೇಕು."

"ಸೇಲಂ ಡಾಕ್ಟ್ರು ಯೋಳವ್ರೆ..."

"ಡಾಕ್ಟ್ರು!" ಎಂದರು ಇನ್ನೊಬ್ಬರು, ಮಂದೆಯ ಕಾಲದಿಂದ ನನಗೆ ಗೊತ್ತಿದ್ದವರು. "ಈ ವಯಸ್ನಾಗೆ ಪಾಠ ಒಪ್ಪುಸ್ತಾಳೆ ನೋಡ್ರಪ್ಪಾ. ಒಟ್ಗೆ ಬೆಳುದ್ರೆ ಪಿರೀತಿ ಜಾಸ್ತಿ ಆಯ್ತದೆ ಕಣಮ್ಮೀ, ಕಮ್ಮಿ ಆಯ್ತದಾ?"

"ಜಾಸ್ತಿ ಆಗೇ ಇಂಗಾಗಿರೋದು!" ಎಂದೆ. ಎಲ್ಲರೂ ಮತ್ತೆ ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರು. ನಾನು ಕುರಿಯ ಮಾತು ಹೇಳಿದೆ, ಮೂಗಿನ ಮಾತು ಹೇಳಿದೆ, ಎರಡು ರಸದ ಮಾತು ಹೇಳಿದೆ. ಡಾಕ್ಟರಮ್ಮ ಹೇಳುವಾಗ ಸರಿಯಾಗಿ ಕೂತಿದ್ದ ಮಾತು ನನ್ನ ಬಾಯಲ್ಲಿ ಹುಚ್ಚು ಮಾತಿನ ಹಾಗೆ ಕೇಳಿಸಿತು. ಹೇಳಿದಷ್ಟೂ ಅವರ ಮುಖದಲ್ಲಿ ಅಯ್ಯೋ ಪಾಪ ಎನ್ನುವುದು ಹೆಚ್ಚಿತು. ಯಜಮಾನರು ಕೈ ಎತ್ತಿ, "ಕೂತ್ಕಾ ತಾಯಿ, ಅರ್ತ ಆಯ್ತು," ಎಂದರು. ಅರ್ಥ ಆಗಿರಲಿಲ್ಲ. "ಕೂಸುಗಳು ಯೋಳ್ಲಿ. ಕುಂದು ಗಂಡಿಂದಾ, ಹೆಣ್ಣಿಂದಾ?"

ಅವಳು ಬಾಯಿ ತೆರೆಯುವ ಮೊದಲೇ ಅವನು ಒಂದು ಹೆಜ್ಜೆ ಮುಂದೆ ಬಂದ. "ನಂದು," ಎಂದ. "ನಾನು ಗಂಡ್ಸಲ್ಲ ಅಂತ ಬರ್ಕಳಿ."

"ಸುಳ್ಳು!" ಎಂದು ಅವಳು ಅವನ ಅಂಗಿ ಹಿಡಿದು ಎಳೆದಳು. "ಯಾಕ್ಲೋ ಸುಳ್ಳು ಬೊಗುಳ್ತೀಯಾ? ನಂದೂ ಐತೆ, ಇಬ್ರದ್ದೂ ಐತೆ! ಇಬ್ರೂ ಸೇರಿ ಬಿಡಿಸ್ಕಳಣ ಅಂತ ಅಂದಿದ್ದಲ್ವಾ?"

"ಸುಮ್ಕಿರ್ಲೇ. ನೀನು ನಾಳೆ ಬಾಳ್ಬೇಕು."

ಮರದಡಿ ಕೂತವರೆಲ್ಲ ಉಸಿರು ಬಿಟ್ಟರು. ಅವರಿಗೆ ಬೇಕಿದ್ದುದು ಸಿಕ್ಕಿತ್ತು. ಹೆಂಡತಿ ಎನ್ನಿಸಿಕೊಂಡವಳು ಅಂಗಿ ಹಿಡಿದು ಅಳುವುದನ್ನು ನೋಡಿ, ಗಂಡನ ಮೇಲೆ ಎಷ್ಟು ಅಕ್ಕರೆ, ಪಾಪ, ಎಂದು ಹಿರಿಯರಲ್ಲೊಬ್ಬರು ಕಣ್ಣೊರೆಸಿಕೊಂಡರು. ನಾನು ಮತ್ತೆ ಎದ್ದು, ಅವನು ಸುಳ್ಳು ಹೇಳುತ್ತಿದ್ದಾನೆ, ಅವನ ಮೈಗೆ ಏನೂ ಆಗಿಲ್ಲ ಎಂದೆ. "ಮೊಮ್ಮಗನ ಮಾನ ಕಾಯೋದು ಅಜ್ಜಿ ಧರ್ಮ," ಎಂದರು ಯಜಮಾನರು, ಅಷ್ಟೇ. ನಿಜ ಹೇಳಿದ್ದಕ್ಕೆ ಅಕ್ಕರೆಯ ಸುಳ್ಳು ಎಂಬ ಹೆಸರು ಬಂತು.

ಆಗ ನಾನು ನನ್ನ ಮಗಳ ಮುಖ ನೋಡಿದೆ. ಅವಳ ಭುಜ ಸಡಿಲವಾಗಿತ್ತು. ತನ್ನ ಮಗಳ ಮೇಲೆ ಏನೂ ಬೀಳಲಿಲ್ಲ ಎಂಬ ನಿರಾಳ. ತಾಯಿಯಾದವಳಿಗೆ ಅದು ತಪ್ಪಲ್ಲ. ಆದರೆ ಅದೇ ಹೊತ್ತಿಗೆ ನನ್ನ ಮಗನೂ ಅವಳ ಮುಖ ನೋಡಿದ. ಎದ್ದು ಪಂಚೆ ಒದರಿ ಹೊರಟುಹೋದ. ಅಣ್ಣ ತಂಗಿ ಅಂದಿನಿಂದ ಮಾತಾಡಿಲ್ಲ. ಅವಳು ಒಂದು ಸಲ ಫೋನು ಮಾಡಿ, "ಅಣ್ಣಂಗೆ ಯೋಳವ್ವಾ," ಎಂದು ಅತ್ತಳು. ಹೇಳಿದೆ. "ಅವ್ಳು ನಕ್ಳು, ನಾನು ನೋಡ್ದೆ," ಎಂದ ಅವನು. ಅವಳು ನಗಲಿಲ್ಲ. ನಾನೂ ನೋಡಿದ್ದೇನೆ. ಆದರೆ ಅವನಿಗೆ ಕಂಡದ್ದನ್ನು ನಾನು ಅಳಿಸಲಾರೆ.

ಕೋರ್ಟಿನದು ಮುಗಿಯಲು ಎರಡು ವರ್ಷ ಹಿಡಿಯಿತು. ಅವಳು ಸೇಲಂನಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಹಾಸ್ಟೆಲಿನಲ್ಲಿದ್ದಾಳೆ. ದಿನಾ ಅವನಿಗೆ ಫೋನು ಮಾಡುತ್ತಾಳೆ. ಉಂಡ್ಯಾ, ಬ್ರೇಕು ಸರಿ ಮಾಡಿಸಿದ್ಯಾ, ಅಜ್ಜಿಗೆ ಬಿ.ಪಿ. ಮಾತ್ರೆ ಕೊಟ್ಯಾ. ಈಚೆಗೆ ಅವಳಿಗೆ ಒಂದು ಗಂಡು ಕೂಡಿಬಂದಿದೆ. ಜೊತೆಯಲ್ಲಿ ಕೆಲಸ ಮಾಡುವವನು, ನಮ್ಮ ಜನವೇ, ವರಸೆಯ ನೆಂಟನಲ್ಲ, ದೂರದವನು. ಅವನ ಮಾತು ಬಂದರೆ ಮುಖ ತಿರುಗಿಸಿಕೊಂಡು ಜಡೆ ಹೆಣೆಯುತ್ತಾಳೆ. ಹುಡುಗ ಎಂಥವನೆಂದು ಅವನ ಊರಿಗೆ ಹೋಗಿ ವಿಚಾರಿಸಿಕೊಂಡು ಬಂದವನು ನನ್ನ ಮೊಮ್ಮಗನೇ. "ಒಳ್ಳೇ ಉಡ್ಗ ಅಜ್ಜೀ. ಸ್ವಲ್ಪ ಮಾತು ಜಾಸ್ತಿ," ಎಂದ.

ಇವನಿಗೆ ಮಾತ್ರ ಯಾರೂ ಬರಲಿಲ್ಲ. ಹೊಂಗೆ ಮರದಡಿ ಹೇಳಿದ ಮಾತು ಅವನಿಗಿಂತ ಮೊದಲು ಎಲ್ಲ ಊರಿಗೂ ತಲುಪಿದೆ. ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದರೆ ಹುಡುಗರು ಗುಸುಗುಸು ಮಾಡುತ್ತಾರಂತೆ. ಅವನು ನನಗೆ ಹೇಳಿಲ್ಲ, ಬೇರೆಯವರು ಹೇಳಿದರು. ಹೋದ ತಿಂಗಳು ಕಡಯಂಪಟ್ಟಿಯಿಂದ ಒಬ್ಬ ಹೆಂಗಸು ಬಂದಳು. ಮೊದಲ ಗಂಡ ಸತ್ತ ಮಗಳಿದ್ದಾಳಂತೆ. ನನಗೆ ಜೀವ ಬಂದ ಹಾಗಾಯಿತು. ಕಾಪಿ ಕಾಯಿಸಿ ಲೋಟ ಕೈಗಿಟ್ಟೆ. ಅವಳು ಅದನ್ನು ಪಕ್ಕದ ಕಿಟಕಿಯಲ್ಲಿ ಇಟ್ಟು ನೇರವಾಗಿ ಕೇಳಿದಳು.

"ಉಡ್ಗುನ್ಗೆ ಏನೋ ಕೊರೆ ಅಂತಾರಲ್ಲ ಅಮ್ಮಾ. ಮರೆ ಮಾಡ್ಬ್ಯಾಡಿ."

"ಏನೂ ಇಲ್ಲ. ಅವ್ರಿಬ್ರೂ ಒಟ್ಗೆ ಬೆಳ್ದೋರು. ಅದುಕ್ಕೆ ಆಸೆ ಹುಟ್ಲಿಲ್ಲ."

"ಒಟ್ಗೆ ಬೆಳ್ದೋರ್ಗೆ ಆಸೆ ಹುಟ್ಟಲ್ವಾ?" ಎಂದು ನಕ್ಕಳು. "ನಂಗೆ ತಿಳಿದಂಗೆ ಯಾರೂ ಇಂಗೆ ಯೋಳಿಲ್ಲ."

ನಾನು ಡಾಕ್ಟರಮ್ಮನ ಮಾತೆಲ್ಲ ಹೇಳಿದೆ. ಅವಳು ಗೋಡೆಯ ಕಡೆ ನೋಡುತ್ತಾ ಕೇಳಿಸಿಕೊಂಡಳು. ನಂಬುತ್ತಿಲ್ಲ ಎಂದು ತಿಳಿದಾಗ ನನಗೆ ತಾಳ್ಮೆ ತಪ್ಪಿತು. "ನಿಂಗೆ ಅಣ್ಣ ಅವ್ನಾ?" ಎಂದು ಕೇಳಿದೆ.

"ಅವ್ನೆ. ಯಾಕೆ?"

"ನಾಳೆ ಅವುನ್ಗೇ ನಿನ್ನ ಕಟ್ತೀವಿ ಅಂದ್ರೆ ನೀನು ಬಾಳಾಟ ಮಾಡ್ತೀಯಾ?"

ಅವಳ ಮುಖ ಕೆಂಪಾಯಿತು. "ಥೂ! ಎಂಥ ಮಾತಾಡ್ತೀರಿ ದೊಡ್ಡೋರಾಗಿ," ಎಂದು ಎದ್ದಳು. "ಅದೇ, ಅದೇ ಕಣಮ್ಮಾ, ಆ ಥೂ ಅಂದ್ಯಲ್ಲ, ಅದೇ ಇವ್ರಿಗೂ ಬಂದಿದ್ದು," ಎಂದು ನಾನು ಅಂಗಳದ ತನಕ ಹಿಂದೆಯೇ ಹೋದೆ. ಅವಳು ಸೆರಗು ಸುತ್ತಿಕೊಂಡು ರೋಡಿನ ಕಡೆಗೆ ನಡೆದೇಬಿಟ್ಟಳು. ಕಾಲು ನೋವು, ನನ್ನಿಂದ ಅಷ್ಟು ದೂರ ಹೋಗಲಾಗಲಿಲ್ಲ.

ಸಂಜೆ ಅವನು ಗಾಡಿ ನಿಲ್ಲಿಸಿ ಬಂದು ಕೈಕಾಲು ತೊಳೆದ. ದಾರಿಯಲ್ಲೇ ಯಾರೋ ಹೇಳಿರಬೇಕು.

"ಕಡಯಂಪಟ್ಟಿಯೋರು ಬಂದಿದ್ರಂತೆ?"

"ಬಂದಿದ್ರು. ಯೋಳ್ ಕಳಿಸ್ತಾರಂತೆ."

"ಏನೇಳ್ದೆ ನೀನು?"

"ನಿಜ ಯೋಳ್ದೆ."

ಅವನು ಟವಲಿನಿಂದ ಮುಖ ಒರೆಸಿಕೊಂಡ. "ಇನ್ಮ್ಯಾಕೆ ಯಾರಾರಾ ಬಂದ್ರೆ ಸುಮ್ಕೆ ಇದ್ಬುಡು ಅಜ್ಜೀ," ಎಂದ. ಗಡುಸಾಗಿ ಅಲ್ಲ, ಮೆಲ್ಲಗೆ. ಆ ಹೆಂಗಸು ಬಿಟ್ಟುಹೋದ ಕಾಪಿ ಕಿಟಕಿಯಲ್ಲಿ ಕೆನೆಗಟ್ಟಿತ್ತು. ಹೊಸದಾಗಿ ಕಾಯಿಸಲಾ ಎಂದೆ. ಬೇಡ ಎಂದು ಅದನ್ನೇ ತೆಗೆದುಕೊಂಡು ನಿಂತೇ ಕುಡಿದ.